ನಾಲ್ಕು ಮಾದರಿ ಹರಳುಗಳು

ಜನವರಿ ೯

ಮಾನ್ಯರೆ,

ಏನೆಂದು ಕರೆಯಬೇಕೋ ತಿಳಿಯದೆ ಹೀಗೆ ಆರಂಭಿಸಿದ್ದೇನೆ. ‘ಮಾವ’ ಎನ್ನೋಣವೆಂದರೆ ಬೆರಳಲ್ಲಿ ಇನ್ನೂ ಉಂಗುರವಿಲ್ಲ. ಆ ಉಂಗುರದ ವಿಷಯವಾಗಿಯೇ ಈ ಪತ್ರ. “ಅಪ್ಪಂಗೆ ಫೋನಲ್ಲಿ ಸರಿಯಾಗಿ ಕೇಳಿಸಲ್ಲ, ಕೇಳಿಸಿದ್ರೂ ಕೇಳಿಸ್ಲಿಲ್ಲ ಅಂತಾರೆ. ಕಾಗದ ಬರಿ, ಉತ್ತರ ಬರತ್ತೆ” ಎಂದು ನಿಮ್ಮ ಮಗ ಹೇಳಿದರು.

ಅವರು ನಿಮ್ಮ ಅಂಗಡಿಯ ಮೂರು ವಜ್ರಗಳ ಚಿತ್ರಗಳನ್ನೂ ಅವುಗಳ ಸರ್ಟಿಫಿಕೇಟುಗಳನ್ನೂ ತಂದು ನನ್ನ ಮುಂದೆ ಹರಡಿ, ನಿಶ್ಚಿತಾರ್ಥಕ್ಕೆ ಒಂದನ್ನು ಆರಿಸು ಎಂದರು. ಚಿತ್ರದಲ್ಲಿ ಮೂರೂ ಒಂದೇ ಥರ. ಸರ್ಟಿಫಿಕೇಟಿನಲ್ಲಿ ಮೂರಕ್ಕೂ ಬಣ್ಣದ ದರ್ಜೆ ‘ಜಿ’. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಒಳ್ಳೆಯ ಹುಡುಗಿ ಎನಿಸಿಕೊಳ್ಳುತ್ತಿದ್ದೆ. ಆದರೆ ಮೊನ್ನೆ ಇಲ್ಲಿನ ಒಂದು ಅಂಗಡಿಗೆ ಹೋಗಿ, ಬೇರೆ ಪರೀಕ್ಷಾಲಯದ ‘ಜಿ’ ಹರಳೊಂದನ್ನು ತೋರಿಸಿ ಎಂದೆ. ನಿಮ್ಮ ಸರ್ಟಿಫಿಕೇಟನ್ನೂ ತೆಗೆದು ಪಕ್ಕಕ್ಕಿಟ್ಟೆ. ಮಾರುವಾತ ಅದನ್ನು ನೋಡಿ ನಕ್ಕ: “ಮೇಡಂ, ಆ ಲ್ಯಾಬಿನ ಜಿ ಅಂದ್ರೆ ನಮ್ಮ ಲ್ಯಾಬಿನ ಐ.”

ಅವನ ಸರಕನ್ನು ಅವನು ಹೊಗಳಿಕೊಳ್ಳುವುದು ಸಹಜ. ಆದರೆ ಒಂದೇ ಅಕ್ಷರ ಎರಡು ಕಡೆ ಎರಡು ಅರ್ಥ ಕೊಡಬಹುದೆಂಬುದು ತಲೆಯಲ್ಲಿ ಕೂತುಬಿಟ್ಟಿದೆ. ನನ್ನ ಕೆಲಸವೇ ಅಂಥದ್ದು. ಆಸ್ಪತ್ರೆ, ಬೇಕರಿ, ಔಷಧದ ಕಾರ್ಖಾನೆಗಳಿಂದ ಬರುವ ಥರ್ಮಾಮೀಟರುಗಳು ಸರಿಯಾಗಿ ತೋರಿಸುತ್ತಿವೆಯೇ ಎಂದು ಪರೀಕ್ಷಿಸುವವಳು ನಾನು.

ಒಂದು ವಜ್ರ ‘ಜಿ’ ಎಂದು ನಿಮಗೆ ಹೇಗೆ ಗೊತ್ತಾಗುತ್ತದೆ? ಅಕ್ಷರಗಳು ‘ಎ’ಯಿಂದ ಶುರುವಾಗದೆ ‘ಡಿ’ಯಿಂದ ಏಕೆ ಶುರುವಾಗುತ್ತವೆ? ಅನುಮಾನದಿಂದ ಕೇಳುತ್ತಿಲ್ಲ. ಅಥವಾ ಸ್ವಲ್ಪ ಮಾತ್ರ.

ವಿಶ್ವಾಸದಿಂದ,
ನಿಮ್ಮ ಮಗ ಮದುವೆಯಾಗಬೇಕೆಂದಿರುವ ಹುಡುಗಿ

*

ಜನವರಿ ೨೧

ಮಗಳೇ,

ಮಾವ ಎಂದೇ ಬರಿ. ಉಂಗುರ ನಮ್ಮ ಅಂಗಡಿಯದೇ, ಎಲ್ಲಿಗೂ ಓಡಿಹೋಗುವುದಿಲ್ಲ.

ನಿನ್ನ ಪತ್ರ ಓದಿ ಹೇಳಿದಾಗ ನಿನ್ನ ಅತ್ತೆ, “ಸೊಸೆ ತರ್ತಿದೀವೋ ಇನ್‌ಸ್ಪೆಕ್ಟರ್ ತರ್ತಿದೀವೋ?” ಎಂದಳು. ನನಗೆ ಮಾತ್ರ ಖುಷಿಯಾಯಿತು. ಈ ಅಂಗಡಿಯಲ್ಲಿ ಕೂತು ನನ್ನ ಕೂದಲು ಬೆಳ್ಳಗಾಯಿತು. ಎಷ್ಟು ಎಂದು ಕೇಳಿದವರುಂಟು, ಕಡಿಮೆ ಮಾಡಿ ಎಂದವರುಂಟು. ಹೇಗೆ ಗೊತ್ತಾಗುತ್ತದೆ ಎಂದು ಕೇಳಿದವರಿಲ್ಲ.

ಹೇಳುತ್ತೇನೆ. ಅಂಗಡಿಯ ಹಿಂದಿನ ಕೋಣೆಗೆ ಉತ್ತರದ ಕಿಟಕಿಯೊಂದಿದೆ. ಬಿಸಿಲು ನೇರ ಬೀಳದು, ಬೆಳಕು ಮಾತ್ರ ಬರುತ್ತದೆ. ಗೋಡೆಗೆ ಬಿಳಿ ಸುಣ್ಣ, ನನಗೆ ಬಿಳಿ ಅಂಗಿ. ಬಣ್ಣದ ಅಂಗಿ ತೊಟ್ಟು ಕೂತರೆ ಆ ಬಣ್ಣ ಹರಳಿನೊಳಗೆ ಹೋಗಿ ಕೂತುಕೊಳ್ಳುತ್ತದೆ. ದಪ್ಪ ಬಿಳಿ ಕಾಗದವನ್ನು ಮಡಿಸಿ ಕಾಲುವೆಯಂತೆ ಮಾಡಿ, ಅದರಲ್ಲಿ ನಾಲ್ಕು ಮಾದರಿ ಹರಳುಗಳನ್ನು ಬೋರಲಾಗಿ ಸಾಲಾಗಿ ಇಡುತ್ತೇನೆ: ಇ, ಜಿ, ಐ, ಕೆ. ಮೇಲ್ಮುಖವಾಗಿಟ್ಟರೆ ಹೊಳಪು ಕಣ್ಣು ಕಟ್ಟುತ್ತದೆ, ಬಣ್ಣ ಕಾಣದು. ಬೋರಲಾದಾಗ ವಜ್ರ ತನ್ನ ಹಳದಿಯನ್ನು ಒಪ್ಪಿಕೊಳ್ಳುತ್ತದೆ. ಹೊಸ ಹರಳನ್ನು ಚಿಮುಟದಲ್ಲಿ ಹಿಡಿದು ಈ ಸಾಲಿನಲ್ಲಿ ಸರಿಸುತ್ತಾ ಹೋಗಬೇಕು. ಯಾವುದರ ಪಕ್ಕದಲ್ಲಿ ಅದು ಬೇರೆಯೆಂದು ಕಾಣದೋ ಅದೇ ಅದರ ಅಕ್ಷರ. ಎರಡರ ನಡುವೆ ನಿಂತರೆ ನಡುವಿನ ಅಕ್ಷರ.

ಆಮೇಲೆ ಸರ್ಟಿಫಿಕೇಟು ತೆರೆದು ನೋಡುತ್ತೇನೆ. ಮೊದಲೇ ನೋಡುವುದಿಲ್ಲ. ಇದು ನನ್ನ ಪದ್ಧತಿ. ಸರ್ಟಿಫಿಕೇಟು ಕೊಡುವ ಪರೀಕ್ಷಾಲಯ ನನ್ನ ಭಾವನದು, ಅಂದರೆ ನಿನ್ನ ಅತ್ತೆಯ ಅಣ್ಣನದು. ಪಕ್ಕದ ಬೀದಿಯಲ್ಲಿದೆ. ಸಂಬಂಧಿಕನೆಂದು ನಾನೇನೂ ಕಣ್ಣು ಮುಚ್ಚಿ ಒಪ್ಪಿಕೊಂಡವನಲ್ಲ. ಬಂದ ಪ್ರತಿ ಹರಳನ್ನೂ ನಾನೇ ಮತ್ತೆ ನೋಡಿದ್ದೇನೆ. ಇಷ್ಟು ವರ್ಷಗಳಲ್ಲಿ ಭಾವನ ಅಕ್ಷರಕ್ಕೂ ನನ್ನ ಅಕ್ಷರಕ್ಕೂ ಒಮ್ಮೆಯೂ ಭೇದ ಬಂದಿಲ್ಲ. ನಿನ್ನ ಊರಿನ ಮಾರಾಟಗಾರನಿಗೆ ಇದನ್ನು ಹೇಳು.

ಎ, ಬಿ, ಸಿಗಳನ್ನು ಹಿಂದಿನ ವ್ಯಾಪಾರಿಗಳು ಮನಸ್ಸಿಗೆ ಬಂದಂತೆ ಬಳಸಿ ಕೆಡಿಸಿದ್ದರಂತೆ. ಅದಕ್ಕೆ ಅವನ್ನು ಬಿಟ್ಟು ‘ಡಿ’ಯಿಂದ ಹೊಸದಾಗಿ ಶುರುಮಾಡಿದರು ಎಂದು ಕೇಳಿದ್ದೇನೆ. ‘ಡಿ’ ಎಂದರೆ ಪೂರ್ತಿ ಬಿಳಿ, ಅಲ್ಲಿಂದ ಅಕ್ಷರ ಮುಂದೆ ಹೋದಷ್ಟೂ ಹಳದಿ ಹೆಚ್ಚು, ಬೆಲೆ ಕಡಿಮೆ.

ನಿನ್ನ ಮಾವ

*

ಫೆಬ್ರುವರಿ ೨

ಮಾವ,

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಓದಬಾರದಿತ್ತು. ಓದಿದ ಮೇಲೆ ಮೇಜಿನ ಮೇಲಿದ್ದ ಬಿಳಿ ಕಾಗದವನ್ನೆಲ್ಲ ಮಡಿಸಿ, ಗಾಜಿನ ಚೂರುಗಳನ್ನು ಅದರಲ್ಲಿ ಬೋರಲು ಹಾಕಿ ನೋಡುತ್ತಾ ಕೂತೆ. ಮೇಲಧಿಕಾರಿ ಬಂದು, “ಏನಮ್ಮಾ, ಅಂಗಡಿ ಇಡ್ತೀಯಾ?” ಎಂದರು.

ನಮ್ಮಲ್ಲಿ ಕೆಲಸ ಸುಲಭ. ಶುದ್ಧ ನೀರಿನ ಮಂಜುಗಡ್ಡೆಯನ್ನು ಪುಡಿಮಾಡಿ, ಅದು ಕರಗುತ್ತಿರುವಾಗ ಅದರಲ್ಲಿ ಥರ್ಮಾಮೀಟರನ್ನು ನಿಲ್ಲಿಸುತ್ತೇವೆ. ಸೊನ್ನೆ ತೋರಿಸಬೇಕು. ತೋರಿಸದಿದ್ದರೆ ತಪ್ಪು ಥರ್ಮಾಮೀಟರಿನದೇ. ಮಂಜುಗಡ್ಡೆ ಯಾರ ದಾಕ್ಷಿಣ್ಯಕ್ಕೂ ಬಗ್ಗುವುದಿಲ್ಲ. ವಜ್ರದ ಬಣ್ಣಕ್ಕೆ ಅಂಥ ಮಂಜುಗಡ್ಡೆ ಯಾವುದು ಎಂದು ಯೋಚಿಸಿದೆ. ನಿಮ್ಮ ವಿವರಣೆಯ ಪ್ರಕಾರ ಆ ನಾಲ್ಕು ಮಾದರಿಗಳೇ ಅಲ್ಲವೇ? ಕಣ್ಣು ಎಷ್ಟೇ ಚುರುಕಾಗಿದ್ದರೂ ಅದು ಹೇಳುವುದು ‘ಇದು ಅದರಂತಿದೆ’ ಎಂದಷ್ಟೇ.

ಹಾಗಾಗಿ ನಮ್ಮ ಕಚೇರಿಯಲ್ಲಿ ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ನಿಮಗೂ ಕೇಳುತ್ತೇನೆ. ನಿಮ್ಮ ಮಾದರಿಗಳು ಎಲ್ಲಿಂದ ಬಂದವು? ಇದು ‘ಜಿ’, ಇದು ‘ಐ’ ಎಂದು ಅವುಗಳಿಗೆ ಹೆಸರಿಟ್ಟವರು ಯಾರು?

ಅತ್ತೆಗೆ ನಮಸ್ಕಾರ ಹೇಳಿ. ಇನ್‌ಸ್ಪೆಕ್ಟರಿಗೆ ಅಡುಗೆಯೂ ಬರುತ್ತದೆ, ಆದರೆ ಅಷ್ಟಕ್ಕಷ್ಟೇ.

ನಿಮ್ಮ ಥರ್ಮಾಮೀಟರ್ ಹುಡುಗಿ

*

ಫೆಬ್ರುವರಿ ೧೫

ಮಗಳೇ,

ಇದೇನು ದೊಡ್ಡ ರಹಸ್ಯವಲ್ಲ. ಅಂಗಡಿ ತೆರೆದಾಗ ಭಾವನೇ ಆ ನಾಲ್ಕನ್ನೂ ಆರಿಸಿ, ಪರೀಕ್ಷಿಸಿ ಕೊಟ್ಟ. ಭಾವನ ಹತ್ತಿರ ಅವನ ಗುರುಗಳ ಪರೀಕ್ಷಾಲಯದಿಂದ ತಂದ ಮಾದರಿಗಳಿದ್ದವು. ಅವುಗಳ ಪಕ್ಕದಲ್ಲಿಟ್ಟು, ಹೊಂದುವ ಹರಳುಗಳನ್ನೇ ಆರಿಸಿ ನನಗೆ ಜೊತೆ ಮಾಡಿಕೊಟ್ಟ.

ಭಾವನ ‘ಜಿ’ ಕಳೆದುಹೋದ ದಿನದ ಕಥೆ ಕೇಳು. ಚಿಮುಟದಿಂದ ಸಿಡಿದು ಎಲ್ಲಿ ಬಿತ್ತೋ ದೇವರಿಗೇ ಗೊತ್ತು. ಭಾವ, ಅವನ ಗುಮಾಸ್ತ, ನಾನು, ಮೂವರೂ ನೆಲದ ಮೇಲೆ ಅಂಬೆಗಾಲಿಟ್ಟು ಹುಡುಕುತ್ತಿದ್ದಾಗ ನಿನ್ನ ಅತ್ತೆ ಊಟದ ಡಬ್ಬಿ ಹಿಡಿದು ಬಂದವಳು, “ಏನ್ರೀ, ಈ ವಯಸ್ಸಲ್ಲಿ ಆಟಾನಾ?” ಎಂದಳು. ಹರಳು ಸಿಗಲಿಲ್ಲ. ಆಗ ಅವನಿಗೆ ಹೊಸ ‘ಜಿ’ ಕೊಟ್ಟವನು ನಾನೇ. ನನ್ನ ‘ಜಿ’ಯ ಪಕ್ಕದಲ್ಲಿಟ್ಟು ನೋಡಿ, ಸ್ವಲ್ಪವೂ ಭೇದವಿಲ್ಲದ ಹರಳನ್ನು ನನ್ನ ತಟ್ಟೆಯಿಂದ ಆರಿಸಿಕೊಟ್ಟೆ. ಆಮೇಲೊಮ್ಮೆ ನನ್ನ ಅಂಗಡಿಯ ಕೆಲಸದವನು ಮಾದರಿಯ ‘ಐ’ಯನ್ನೇ ಗಿರಾಕಿಗೆ ಮಾರಿಬಿಟ್ಟ! ಆಗ ಭಾವ ತನ್ನ ‘ಐ’ಗೆ ಹೊಂದುವುದನ್ನು ನನಗೆ ಕೊಟ್ಟ. ಹೀಗೆ ‘ಜಿ’, ‘ಐ’, ‘ಕೆ’ ಮೂರನ್ನೂ ಎಷ್ಟೋ ಸಲ ಕೊಟ್ಟು ತೆಗೆದುಕೊಂಡು ನಡೆದಿದೆ. ‘ಇ’ ಒಂದು ಮಾತ್ರ ಇಬ್ಬರಲ್ಲೂ ಮೊದಲಿನದೇ ಉಳಿದಿದೆ.

ಅವನಿಗೆ ಕೊರತೆಯಾದರೆ ನಾನು, ನನಗಾದರೆ ಅವನು. ಅದಕ್ಕೇ ನಮ್ಮಿಬ್ಬರ ಕಣ್ಣು ಒಂದೇ ಆಗಿರುವುದು.

ಯಾವ ಹರಳು ಇಷ್ಟವಾಯಿತು, ಬರಿ. ಚಿನ್ನ ಕರಗಿಸಿಟ್ಟುಕೊಂಡು ಕಾಯುತ್ತಿದ್ದೇನೆ.

ನಿನ್ನ ಮಾವ

*

ಏಪ್ರಿಲ್ ೬

ಮಾವ,

ತಡವಾಯಿತು. ಕೆಲಸ ಹೆಚ್ಚಿತ್ತು ಎಂದು ಬರೆದರೆ ನೀವು ನಂಬುವಿರಿ. ಆದರೆ ಅದು ನಿಜವಲ್ಲ. ಬರೆದು ಹರಿದುಹಾಕುತ್ತಿದ್ದೆ. ನಿಮ್ಮ ಮಗ ನೋಡಿ, “ನೇರ ಹೇಳ್ಬಿಡು. ನಮ್ಮಪ್ಪ ಒದೆಯೋ ಕುದುರೆ ಅಲ್ಲ, ಒದೆಯೋ ಕುದುರೆ ಹತ್ರ ದಿನಾ ಹೋಗೋನು ನಾನೇ ಹೇಳ್ತಿದೀನಲ್ಲ” ಎಂದರು. ಅವರಂಥ ಪಶುವೈದ್ಯರ ಧೈರ್ಯ ನನಗಿಲ್ಲ. ನಮ್ಮ ಕಚೇರಿಯ ಒಂದು ಸಂಗತಿ ಬರೆಯುತ್ತೇನೆ.

ಔಷಧದ ಕಾರ್ಖಾನೆಯೊಂದರಲ್ಲಿ ಎರಡು ಶೀತಲ ಕೋಣೆಗಳು. ಒಂದೊಂದಕ್ಕೂ ಒಬ್ಬೊಬ್ಬ ಮೇಲ್ವಿಚಾರಕ. ಇಬ್ಬರೂ ಜಾಗರೂಕರು, ಸ್ನೇಹಿತರು. ಒಬ್ಬನ ಥರ್ಮಾಮೀಟರ್ ಒಡೆದರೆ ಹೊಸದನ್ನು ಇನ್ನೊಬ್ಬನದರ ಪಕ್ಕದಲ್ಲಿಟ್ಟು ಸರಿಹೊಂದಿಸಿಕೊಳ್ಳುತ್ತಿದ್ದರು. ಪ್ರತಿದಿನ ಬೆಳಿಗ್ಗೆ ಎರಡನ್ನೂ ತಾಳೆ ನೋಡುತ್ತಿದ್ದರು. ಕೂದಲೆಳೆಯ ವ್ಯತ್ಯಾಸವೂ ಇರುತ್ತಿರಲಿಲ್ಲ. ನಾವು ಹೋಗಿ ಮಂಜುಗಡ್ಡೆಯಲ್ಲಿಟ್ಟಾಗ ಎರಡೂ ತಪ್ಪು ತೋರಿಸಿದವು, ಎರಡೂ ಒಂದೇ ಅಳತೆಯ ತಪ್ಪು. ಅವರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನಂಬಿದ್ದರು, ಮಂಜುಗಡ್ಡೆಯನ್ನು ಮರೆತಿದ್ದರು.

ಇದಕ್ಕಿಂತ ಹೆಚ್ಚು ಬರೆಯುವ ಅಧಿಕಾರ ನನಗೆ ಇನ್ನೂ ಇಲ್ಲ. ಹರಳು ಆರಿಸಿಲ್ಲ. ಅವಸರವಿಲ್ಲ.

ನಿಮ್ಮ,
ಅದೇ ಹುಡುಗಿ

*

ಏಪ್ರಿಲ್ ೧೪

ನಿನ್ನ ಪತ್ರ ಬಂತು. ಅರ್ಥವಾಯಿತು.

ಜೋರಾಗಿ ಓದಿದ್ದು ನನ್ನ ತಪ್ಪು. ನಿನ್ನ ಅತ್ತೆ ಪಕ್ಕದಲ್ಲಿದ್ದಳು. “ನಮ್ಮಣ್ಣನ ಕಾಗದ ಸುಳ್ಳು ಅನ್ನೋಳು ನಮ್ಮನೆಗೆ ಬರೋದು ಬೇಡ. ಮಗನಿಗೆ ಹೇಳಿ, ಬೇರೆ ಕಡೆ ನೋಡ್ಲಿ” ಎಂದಳು. ಕೋಪದಲ್ಲಿ ಆಡಿದ ಮಾತು. ಆದರೆ ಅವಳು ಕೋಪದಲ್ಲಿ ಆಡಿದ್ದನ್ನು ಆಮೇಲೆ ಹಿಂದಕ್ಕೆ ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ.

ನನ್ನ ಚಿಂತೆ ಬೇರೆ. ಈ ಬೀದಿಯಲ್ಲಿ ಎದುರಿಗೆ ಬರುವ ಹೆಂಗಸರ ಬೆರಳು ನೋಡುತ್ತಾ ನಡೆಯುವುದು ನನ್ನ ಚಾಳಿ. ‘ಇದು ನಮ್ಮದು, ಜಿ. ಇದು ನಮ್ಮದು, ಐ’ ಎಂದುಕೊಳ್ಳುತ್ತೇನೆ. ನಿನ್ನೆ ತಲೆ ತಗ್ಗಿಸಿಕೊಂಡು ನಡೆದೆ.

ಇಷ್ಟು ವರ್ಷ ನಾನು ನೋಡಿದ್ದು ಏನನ್ನು ಹಾಗಾದರೆ?

ಮಾವ

*

ಏಪ್ರಿಲ್ ೨೦

ಮಾವ,

ನೀವು ನೋಡಿದ್ದು ಸರಿಯಾಗಿಯೇ ಇತ್ತು. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ಅಷ್ಟು ವರ್ಷ ಇಬ್ಬರ ಅಕ್ಷರಗಳು ತಪ್ಪದೆ ತಾಳೆಯಾಗಬೇಕಾದರೆ ಎರಡು ಜೊತೆ ಕಣ್ಣುಗಳೂ ಬಹಳ ಒಳ್ಳೆಯವಾಗಿರಬೇಕು. ಪ್ರಶ್ನೆ ಇರುವುದು ಮಾದರಿಗಳ ಬಗ್ಗೆ ಮಾತ್ರ. ಅವು ತಪ್ಪೆಂದು ನನಗೂ ಗೊತ್ತಿಲ್ಲ. ಮಂಜುಗಡ್ಡೆಯಲ್ಲಿ ಇಟ್ಟು ನೋಡಿಲ್ಲ ಎಂದಷ್ಟೇ ಗೊತ್ತು.

ನೋಡುವ ದಾರಿಯಿದೆ. ನಿಮ್ಮಿಬ್ಬರ ಪರಿಚಯವೇ ಇಲ್ಲದ, ತನ್ನ ಮಾದರಿಗಳನ್ನು ಇನ್ನೂ ಹಳೆಯ ಮೂಲದ ಜೊತೆ ಆಗಾಗ ಹೋಲಿಸಿಕೊಳ್ಳುವ ದೂರದ ಪರೀಕ್ಷಾಲಯಕ್ಕೆ ಆ ನಾಲ್ಕನ್ನು ಕೊಡಿ. ಮಾದರಿಗಳೆಂದು ಹೇಳಬೇಡಿ. ಕೆಲವು ವಾರ ಬಿಟ್ಟು ಬೇರೆಯವರ ಹೆಸರಿನಲ್ಲಿ ಅವೇ ನಾಲ್ಕನ್ನು ಮತ್ತೆ ಕೊಡಿ. ಮೊದಲು ಪರೀಕ್ಷಕನ ಪರೀಕ್ಷೆಯಾಗಬೇಕು. ಒಂದೇ ಹರಳಿಗೆ ಎರಡು ಸಲವೂ ಒಂದೇ ಅಕ್ಷರ ಬಂದರೆ ಅವರನ್ನು ನಂಬಬಹುದು. ಒಂದಕ್ಕೆ ಒಂದಕ್ಷರ ಆಚೀಚೆಯಾದರೂ ಗಾಬರಿ ಬೇಡ, ಕಣ್ಣಿನ ಕೆಲಸದಲ್ಲಿ ಅಷ್ಟು ಇದ್ದದ್ದೇ.

ಅತ್ತೆಯವರ ಮಾತಿನ ಬಗ್ಗೆ ಏನು ಬರೆಯಲಿ? ಅವರು ಅಣ್ಣನ ಪರ ನಿಂತಿದ್ದಾರೆ. ನನ್ನ ತಮ್ಮನ ಬಗ್ಗೆ ಯಾರಾದರೂ ಹಾಗೆ ಬರೆದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ನಿಮ್ಮ ಮಗನಿಗೆ ನಾನೇ ಎಲ್ಲವನ್ನೂ ಹೇಳಿದ್ದೇನೆ. ಅವರ ತೀರ್ಮಾನಕ್ಕಿಂತ ಮೊದಲು ನಿಮ್ಮ ಮನೆಯ ತೀರ್ಮಾನ ಆಗಲಿ. ನಾನು ಕಾಯುತ್ತೇನೆ.

ವಿಶ್ವಾಸದಿಂದ,
ಹುಡುಗಿ

*

ಜುಲೈ ೧೧

ಮಗಳೇ,

ನೀನು ಪತ್ರ ಬರೆಯದೆ ಕಾದದ್ದನ್ನು ಗಮನಿಸಿದ್ದೇನೆ.

ಮೊದಲು ಭಾವನಿಗೆ ಹೇಳಬೇಕಿತ್ತು. ನಾಲ್ಕು ಹರಳುಗಳ ಪೊಟ್ಟಣ ಹಿಡಿದು ಅವನ ಪರೀಕ್ಷಾಲಯದಲ್ಲಿ ಕೂತೆ. ನಿನ್ನ ಪತ್ರವನ್ನೇ ಕೈಗೆ ಕೊಟ್ಟೆ. ಅವನು ಕನ್ನಡಕ ಏರಿಸಿ ನಿಧಾನವಾಗಿ ಓದಿದ. ಮಡಿಸಿದ. ಮತ್ತೆ ಬಿಚ್ಚಿ ಓದಿದ.

“ಯಾರಿದು?”

“ಸೊಸೆ.”

“ಆಗಿದಾಳಾ?”

“ಇಲ್ಲ. ಆಗ್ಬೇಕು.”

“ಬೇಗ ಮಾಡ್ಕೋ ಮಾರಾಯ. ಹೊರಗಿನೋಳಾಗಿ ಹೇಳಿದ್ರೆ ಮಾನ ಹೋಗತ್ತೆ. ಒಳಗಿನೋಳಾಗಿ ಹೇಳಿದ್ರೆ ಬುದ್ಧಿ ಹೇಳಿದ ಹಾಗಾಗತ್ತೆ.”

ನಕ್ಕ. ಪೊಟ್ಟಣವನ್ನು ತನ್ನ ಜೇಬಿಗಿಟ್ಟುಕೊಂಡ. ಅಂಚೆಯಲ್ಲಿ ಕಳಿಸುವುದು ಬೇಡ, ನಾವೇ ಹೋಗೋಣ ಎಂದ. ರೈಲಿನಲ್ಲಿ ಹೋದೆವು. ಮೊದಲ ಸಲ ನನ್ನ ಹೆಸರಿನಲ್ಲಿ ಕೊಟ್ಟೆವು, ಎರಡನೆಯ ಸಲ ಮಗನ ಹೆಸರಿನಲ್ಲಿ. ಎರಡು ಉತ್ತರಗಳ ನಡುವೆ ಒಂದೇ ಒಂದು ಹರಳಿನಲ್ಲಿ ಒಂದಕ್ಷರದ ಭೇದ. ನೀನು ಹೇಳಿದ ಮಿತಿಯೊಳಗೇ.

‘ಇ’ ನಿಜವಾಗಿ ‘ಇ’ಯೇ. ಉಳಿದವು ಇಳಿದವು. ನಮ್ಮ ‘ಜಿ’ ಅವರ ‘ಎಚ್’. ನಮ್ಮ ‘ಐ’ ಅವರ ‘ಕೆ’, ಒಮ್ಮೆ ‘ಜೆ’. ನಮ್ಮ ‘ಕೆ’ಯನ್ನು ಅವರು ‘ಎಂ’ ಎಂದು ಬರೆದದ್ದನ್ನು ನೋಡಿ ಭಾವ ಆ ಕಾಗದವನ್ನು ಬೆಳಕಿಗೆ ಹಿಡಿದ, ಬೆಳಕಿನಲ್ಲಿ ಅಕ್ಷರ ಬದಲಾಗುತ್ತದೇನೋ ಎಂಬಂತೆ. ನಾವು ಅದಲುಬದಲು ಮಾಡದೆ ಬಿಟ್ಟ ಹರಳೊಂದೇ ನೆಟ್ಟಗಿತ್ತು. ನಿನ್ನ ಊರಿನ ಮಾರಾಟಗಾರನಿಗೆ ನನ್ನ ನಮಸ್ಕಾರ ಹೇಳು.

ಭಾವ ಹೊಸ ಮಾದರಿಗಳನ್ನು ತರಿಸಿದ. ನನ್ನವನ್ನು ಅವನಿಂದ ತೆಗೆದುಕೊಳ್ಳಲಿಲ್ಲ, ಬೇರೆಯೇ ತರಿಸಿದೆ. ಅವು ಬಂದ ವಾರವೇ ಒಂದು ಹರಳಿಗೆ ಅವನು ‘ಎಚ್’ ಎಂದ, ನಾನು ‘ಐ’ ಎಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸಂಜೆಯವರೆಗೆ ವಾದ ಮಾಡಿದೆವು. ಎಷ್ಟು ಚೆನ್ನಾಗಿತ್ತು ಗೊತ್ತೇ? ಅವನು ಹೇಗೆ ನೋಡುತ್ತಾನೆ ಎಂಬುದು ನನಗೆ ಅಂದೇ ತಿಳಿದದ್ದು.

ಅಂಗಡಿಯ ಗಾಜಿಗೆ ಒಂದು ಸೂಚನೆ ಅಂಟಿಸಿದ್ದೇವೆ. ಇಲ್ಲಿ ಕೊಂಡ ವಜ್ರಗಳ ಬಣ್ಣವನ್ನು ಮತ್ತೆ ನೋಡಿಕೊಡುತ್ತೇವೆ, ವ್ಯತ್ಯಾಸ ಕಂಡುಬಂದರೆ ಅದನ್ನು ನಾವೇ ತುಂಬಿಕೊಡುತ್ತೇವೆ ಎಂದು. ಅಂಟಿಸಿದವನು ಭಾವ. ಬಂದವರಲ್ಲಿ ಕೂಗಾಡಿದವರಿದ್ದಾರೆ. ಒಬ್ಬ ಮೇಷ್ಟ್ರು ಮಾತ್ರ ನನ್ನ ಕಿವಿಯಲ್ಲಿ, “ನೀವು ಏನಾದ್ರೂ ಬರ್ಕೊಳಿ ಸ್ವಾಮಿ, ನಮ್ಮನೆಯೋಳಿಗೆ ಹೇಳ್ಬೇಡಿ. ಮದುವೆಯಾದಾಗಿಂದ ಆ ಜಿ ಹೆಸರಲ್ಲೇ ನೆಮ್ಮದಿಯಾಗಿದೀನಿ” ಎಂದರು.

ನಿನ್ನ ಅತ್ತೆ ಆ ಸೂಚನೆಯನ್ನು ಒಳಗಿನಿಂದ ನೋಡಿದಳು, ಹೊರಗೆ ಹೋಗಿಯೂ ನೋಡಿದಳು. ಮದುವೆಯ ಮಾತನ್ನು ಎತ್ತಿದರೆ ಎದ್ದು ಹೋಗುತ್ತಾಳೆ.

ನಿನ್ನ ಮಾವ

*

ಜುಲೈ ೧೯

ಮಾವ,

ಗಾಜಿನ ಮೇಲೆ ಆ ಸೂಚನೆ ಅಂಟಿಸುವ ಅಂಗಡಿ ಇನ್ನೊಂದು ಇದೆಯೋ ಇಲ್ಲವೋ ನನಗೆ ತಿಳಿಯದು. ನಿಮ್ಮ ಪತ್ರವನ್ನು ನನ್ನ ಅಮ್ಮನಿಗೆ ಓದಿ ಹೇಳಿದೆ. “ಉಂಗುರ ಹಿತ್ತಾಳೇದಾದ್ರೂ ಪರವಾಗಿಲ್ಲ” ಎಂದರು.

ಅತ್ತೆಯವರನ್ನು ಒತ್ತಾಯಿಸಬೇಡಿ.

ಒಂದೇ ಒಂದು ಸಂಗತಿ ನನ್ನನ್ನು ಬಿಡುತ್ತಿಲ್ಲ. ಕೇಳದಿದ್ದರೆ ಒಳ್ಳೆಯದೆಂದು ಗೊತ್ತಿದ್ದೂ ಕೇಳುತ್ತಿದ್ದೇನೆ. ಮಾದರಿಗೆ ಹೊಸ ಹರಳನ್ನು ಜೊತೆ ಮಾಡುವಾಗ ಕಣ್ಣಿಗೆ ಕಾಣದ ಸಣ್ಣ ವ್ಯತ್ಯಾಸ ಪ್ರತಿ ಸಲವೂ ಉಳಿದಿರಬೇಕು. ಆದರೆ ಆಕಸ್ಮಿಕ ತಪ್ಪುಗಳು ಎರಡೂ ಕಡೆಗೆ ಬೀಳಬೇಕು, ಒಂದು ಸಲ ಬಿಳಿಯ ಕಡೆಗೆ, ಒಂದು ಸಲ ಹಳದಿಯ ಕಡೆಗೆ. ಆಗ ಒಂದನ್ನೊಂದು ಅಳಿಸಿಕೊಳ್ಳುತ್ತಿದ್ದವು. ನಿಮ್ಮವು ಪ್ರತಿ ಸಲವೂ ಹಳದಿಯ ಕಡೆಗೇ ಬಿದ್ದಿವೆ. ಹಳೆಯ ಥರ್ಮಾಮೀಟರುಗಳು ಹೀಗೆ ಒಂದೇ ಕಡೆಗೆ ತಪ್ಪುತ್ತವೆ. ಅವುಗಳ ತುದಿಯಲ್ಲಿ ಪಾದರಸವಿರುವ ಬುರುಡೆಯ ಗಾಜು ವರ್ಷಗಳಲ್ಲಿ ಕುಗ್ಗುವುದೇ ಅದಕ್ಕೆ ಕಾರಣ. ವಜ್ರ ಕುಗ್ಗುವುದಿಲ್ಲ. ಹಾಗಾದರೆ ಒಂದೇ ಕಡೆಗೆ ಏಕೆ?

ನಿಮ್ಮ ಥರ್ಮಾಮೀಟರ್

*

ಆಗಸ್ಟ್ ೩

ಮಗಳೇ,

ನಿನ್ನ ಪ್ರಶ್ನೆಯನ್ನು ಭಾವನ ಮುಂದಿಟ್ಟೆ. ಕಿಟಕಿಯ ಬೆಳಕಿನಿಂದ ಹಿಡಿದು ಚಿಮುಟದ ಕೊಳೆಯವರೆಗೆ ಎಲ್ಲವನ್ನೂ ಯೋಚಿಸಿದೆವು. ಯಾವುದೂ ಹೊಂದಲಿಲ್ಲ. ಕೊನೆಗೆ ಭಾವ, “ನಂಗೆ ಜಿ ಕೊಟ್ಟೆಯಲ್ಲ, ಅವತ್ತು ಹೇಗೆ ಆರಿಸ್ದೆ, ಮಾಡಿ ತೋರ್ಸು” ಎಂದ. ತಟ್ಟೆ ತೆಗೆದೆ. ಮಾದರಿಗೆ ಹೊಂದುವ ಎರಡು ಹರಳುಗಳನ್ನು ಮುಂದಿಟ್ಟುಕೊಂಡೆ. ಎರಡೂ ಸರಿ, ಎರಡಕ್ಕೂ ಒಂದೇ ಅಕ್ಷರ. ನನ್ನ ಕೈ ತಾನಾಗಿಯೇ ಒಂದರ ಕಡೆಗೆ ಹೋಯಿತು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಭಾವನೂ ನೋಡಿದ.

ಕಣ್ಣಿಗೆ ಭೇದವಿಲ್ಲ ಎನಿಸಿದರೂ ಕೈಗೆ ಗೊತ್ತಿತ್ತು. ತುಸುವೇ ಬೆಳ್ಳಗಿರುವುದು ಗಿರಾಕಿಗೆ ಇರಲಿ, ಭಾವನಿಗೆ ಈ ತುಸು ಹಳದಿಯದು ಸಾಕು. “ನಾನೂ ಅಷ್ಟೇ ಕಣೋ” ಎಂದ ಅವನು. ಮೋಸ ಎನ್ನುವಂತಿಲ್ಲ. ಧಾರಾಳವೂ ಅಲ್ಲ. ಪ್ರತಿ ಸಲವೂ ಇಷ್ಟೇ ಇಷ್ಟು. ನಿನ್ನ ಗಾಜು ಕುಗ್ಗುವುದು ಹೀಗೆಯೇ ಇರಬೇಕು.

ಅಷ್ಟರಲ್ಲಿ ನಿನ್ನ ಅತ್ತೆ ಕಾಫಿ ತಂದಳು. ಅಣ್ಣನ ಮುಖ ನೋಡಿ, “ಮತ್ತೇನು ಬರ್ದಿದಾಳೆ ಅವಳು?” ಎಂದಳು. ಭಾವ ಎಲ್ಲವನ್ನೂ ಹೇಳಿದ, ಒಂದು ಮಾತನ್ನೂ ಬಿಡಲಿಲ್ಲ. ಅವಳು ನಿಂತೇ ಕೇಳಿಸಿಕೊಂಡಳು. “ಇಷ್ಟು ತಿಳ್ಕೊಳೋಕೆ ಅವಳೇ ಬೇಕಾಯ್ತಾ ನಿಮ್ಮಿಬ್ರಿಗೂ?” ಎಂದು ಲೋಟ ಇಟ್ಟಳು.

ಆಗ ನನಗೆ ಏನು ತೋಚಿತೋ, ದೂರದ ಪರೀಕ್ಷಾಲಯದಿಂದ ‘ಎಚ್’ ಎಂದು ಬರೆಸಿಕೊಂಡು ಬಂದ ಎರಡು ಹರಳುಗಳನ್ನು ಬಿಳಿ ಕಾಗದದ ಮೇಲೆ ಹಾಕಿ, “ಇದ್ರಲ್ಲಿ ಒಂದು ಅಂಗಡಿಗೆ, ಒಂದು ಆ ಹುಡುಗಿಗೆ. ಯಾವುದು ಯಾರಿಗೆ, ನೀನೇ ಹೇಳು” ಎಂದೆ. ಎದ್ದು ಹೋಗುತ್ತಾಳೆ ಎಂದುಕೊಂಡಿದ್ದೆ. ಸೆರಗಿಗೆ ಕೈ ಒರೆಸಿಕೊಂಡು ಬಗ್ಗಿದಳು. ಭೂತಗನ್ನಡಿ ಕೇಳಲಿಲ್ಲ. ಎರಡನ್ನೂ ಬೋರಲು ಹಾಕಿದಳು. ಅದನ್ನು ಯಾವಾಗ ಕಲಿತಳೋ ನನಗೆ ತಿಳಿಯದು. ಸ್ವಲ್ಪ ಹೊತ್ತು ನೋಡಿ, ಒಂದನ್ನು ಕಿರುಬೆರಳಿನಿಂದ ನನ್ನ ಕಡೆಗೆ ತಳ್ಳಿದಳು.

“ಇದು ಹುಡುಗಿಗೆ.”

ಭಾವ ಅದನ್ನು ಹೊಸ ಮಾದರಿಗಳ ಸಾಲಿನಲ್ಲಿ ಸರಿಸಿ ನೋಡಿದ. ನಾನೂ ನೋಡಿದೆ. ಕೂದಲೆಳೆಯಷ್ಟು ಬೆಳ್ಳಗಿರುವುದು ಅದೇ.

“ಇದು ಅಂಗಡಿಗೆ ಒಳ್ಳೇದಲ್ವೇನೇ?” ಎಂದೆ.

“ಅಂಗಡೀಗೆ ಇನ್ನೊಂದಿದೆಯಲ್ಲ” ಎಂದಳು. ಬಾಗಿಲವರೆಗೆ ಹೋಗಿ ತಿರುಗಿ ನಿಂತಳು. “ಬೆರಳಿನ ಅಳತೆಗೆ ದಾರ ಸುತ್ತಿ ಕಳ್ಸ್ತೀನಿ ಅಂತ ಬರ್ದಾಳು ಆ ಬುದ್ಧಿವಂತೆ. ದಾರ ಹಿಗ್ಗತ್ತೆ ಅನ್ನಿ. ಬಂದು ಕೈ ಕೊಡೋಕೆ ಹೇಳಿ, ನಾನೇ ಅಳತೆ ತಗೋತೀನಿ.”

ಭಾನುವಾರ ಅಂಗಡಿಗೆ ರಜೆ.

ನಿನ್ನ ಮಾವ